ನೆಗಡಿಯ ಮಾತ್ರೆ, ನಿತ್ಯದ ಔಷಧಿ: ಜೊತೆಗೂಡಿಸುವ ಮುನ್ನ

ಮಳೆ ಹಿಡಿದಾಗ, ಚಳಿ ಕಾಲಿಟ್ಟಾಗ ನಮ್ಮ ಮನೆಗಳಿಗೆ ತಪ್ಪದೆ ಬರುವ ಅತಿಥಿ ನೆಗಡಿ. ಅದಕ್ಕೆಂದು ವೈದ್ಯರಲ್ಲಿಗೆ ಹೋಗುವವರು ವಿರಳ. ಹತ್ತಿರದ ಮೆಡಿಕಲ್ ಅಂಗಡಿಯಿಂದ ನಾಲ್ಕು ಮಾತ್ರೆ, ಒಂದು ಬಾಟಲಿ ಕೆಮ್ಮಿನ ಸಿರಪ್ ತರುವುದೇ ರೂಢಿ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿಗೆ ನಿತ್ಯವೂ ಔಷಧಿ ಸೇವಿಸುವ ಹಿರಿಯರು ಮನೆಯಲ್ಲಿರುವಾಗ, ಈ ಮಾತ್ರೆಗಳ ಒಳಗೇನಿದೆ ಎಂಬುದನ್ನು ನಾವು ತಿಳಿದಿರುವುದು ಅವಶ್ಯ.

ಒಂದು ಮಾತ್ರೆ, ಹಲವು ಔಷಧಿ

ನೆಗಡಿಯ ಮಾತ್ರೆಯಲ್ಲಿ ಬಹುಮಟ್ಟಿಗೆ ಎರಡು ಮೂರು ಔಷಧಿಗಳು ಬೆರೆತಿರುತ್ತವೆ: ಜ್ವರ ಹಾಗೂ ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಸೀನು ಮತ್ತು ಸೋರುವ ಮೂಗಿಗೆ ಕ್ಲೋರ್‌ಫೆನಿರಮೈನ್ ಅಥವಾ ಸೆಟಿರಿಜಿನ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್. ಜ್ವರಕ್ಕೆಂದು ಬೇರೆಯಾಗಿ ತಂದ ಮಾತ್ರೆಯಲ್ಲಿರುವುದೂ ಪ್ಯಾರಾಸಿಟಮಾಲ್ ಆಗಿರಬಹುದು. 650 ಮಿ.ಗ್ರಾಂ. ಜ್ವರದ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ, 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಉಳ್ಳ ನೆಗಡಿಯ ಮಾತ್ರೆಯನ್ನು ಮೂರು ಬಾರಿ ನುಂಗಿದರೆ ಒಟ್ಟು 4,100 ಮಿ.ಗ್ರಾಂ. ಆಗುತ್ತದೆ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಗಳಲ್ಲಿ 4,000 ಮಿ.ಗ್ರಾಂ. ಗರಿಷ್ಠ ಮಿತಿ, ಯಕೃತ್ತಿನ ತೊಂದರೆಯುಳ್ಳವರಿಗೆ, ಮದ್ಯಪಾನಿಗಳಿಗೆ, ಕೃಶರಾದ ವೃದ್ಧರಿಗೆ ಮಿತಿ ಇನ್ನೂ ಕಡಿಮೆ. ಮಿತಿ ಮೀರಿದರೆ ಹಾನಿಗೊಳಗಾಗುವುದು ಯಕೃತ್ತು, ಅದೂ ಮೊದಲ ದಿನ ಹೆಚ್ಚಿನ ಲಕ್ಷಣ ತೋರದೆ.

ರಕ್ತದೊತ್ತಡವುಳ್ಳವರು

ಫಿನೈಲೆಫ್ರಿನ್, ಸೂಡೊಎಫೆಡ್ರಿನ್‌ಗಳು ರಕ್ತನಾಳಗಳನ್ನು ಸಂಕುಚಿಸುವ ಔಷಧಿಗಳು. ಬೆಳಗ್ಗೆ ಒತ್ತಡವಿಳಿಸುವ ಮಾತ್ರೆ, ಮಧ್ಯಾಹ್ನ ಅದನ್ನು ಏರಿಸಬಲ್ಲ ಮಾತ್ರೆ ಸೇವಿಸುವುದು ಸರಿಯಲ್ಲ. ಬಾಯಿಯ ಮೂಲಕ ಸೇವಿಸುವ ಫಿನೈಲೆಫ್ರಿನ್‌ನಿಂದ ಕಟ್ಟಿದ ಮೂಗಿಗೆ ಪ್ರಯೋಜನವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯು 2023ರಲ್ಲಿ ಅಭಿಪ್ರಾಯಪಟ್ಟಿತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು ಅದೇ ವರ್ಷದ ಡಿಸೆಂಬರ್‌ನಲ್ಲಿ ಸೂಚಿಸಿದರು.

ಇತರ ಎಚ್ಚರಿಕೆಗಳು

ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಸೇವಿಸುವವರು ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗಿದರೆ ಜಠರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಕ್ತದೊತ್ತಡದ ಕೆಲವು ಔಷಧಿಗಳ ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಇವು ಸೇರಿದರೆ ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ವಾರ್ಫರಿನ್ ಸೇವಿಸುವವರು ಪ್ಯಾರಾಸಿಟಮಾಲನ್ನೂ ಸತತವಾಗಿ ಹಲವು ದಿನ ಸೇವಿಸಬೇಕಾದಲ್ಲಿ ವೈದ್ಯರಿಗೆ ತಿಳಿಸಬೇಕು.

ಕ್ಲೋರ್‌ಫೆನಿರಮೈನ್ ತೂಕಡಿಕೆ ತರುತ್ತದೆ. ನಿದ್ರೆಯ ಮಾತ್ರೆಯೊಡನೆ ಸೇರಿದರೆ ವೃದ್ಧರು ರಾತ್ರಿ ಎದ್ದಾಗ ಜೋಲಿ ತಪ್ಪಿ ಬೀಳುವ ಸಂಭವವಿದೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರಿಗೆ ಇದರಿಂದ ಮೂತ್ರ ಕಟ್ಟಬಹುದು. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೂ ಇದು ಹಿತವಲ್ಲ. ಒಣಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್, ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ಮೊದಲಾದವುಗಳ ಜೊತೆ ಸೇರಿ ನಡುಕ, ಚಡಪಡಿಕೆ, ಜ್ವರ ತರಬಹುದು. ಮಧುಮೇಹಿಗಳು ಸಕ್ಕರೆರಹಿತ ಸಿರಪ್ ಕೇಳಿ ಪಡೆಯುವುದು ಲೇಸು.

ಕಷಾಯವೂ ಔಷಧಿಯೇ

ಶುಂಠಿ, ಮೆಣಸು, ತುಳಸಿಗಳು ಅಡುಗೆಯ ಪ್ರಮಾಣದಲ್ಲಿದ್ದರೆ ಸಾಮಾನ್ಯವಾಗಿ ಆತಂಕವಿಲ್ಲ. ಆದರೆ ಜೇಷ್ಠಮಧುವನ್ನು ಹೆಚ್ಚು ಪ್ರಮಾಣದಲ್ಲಿ ದಿನಗಟ್ಟಲೆ ಸೇವಿಸಿದರೆ ದೇಹದ ಪೊಟ್ಯಾಸಿಯಮ್ ಇಳಿದು ರಕ್ತದೊತ್ತಡ ಏರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯಕ್ಕಾಗಿ ಡಿಗಾಕ್ಸಿನ್ ಸೇವಿಸುವವರಿಗೆ ಇದು ಅಪಾಯಕಾರಿ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಮನೆಮದ್ದಿಗೂ ಸಲ್ಲುತ್ತದೆ.

ನಾವು ಮಾಡಬೇಕಾದುದು

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇನ್ನೊಂದು ತೊಡಕಿದೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ವೈದ್ಯರು ಬರೆದ ಮಾತ್ರೆ ಮುಂಬಯಿ, ದಿಲ್ಲಿಗಳಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿ ಸಿಗಬಹುದು. ಊರಿನಿಂದ ಬಂದ ತಂದೆತಾಯಿಗಳಿಗೆ ಅಂಗಡಿಯವರ ಭಾಷೆಯಾಗಲಿ, ಪೊಟ್ಟಣದ ಇಂಗ್ಲಿಷ್ ಅಕ್ಷರಗಳಾಗಲಿ ತಿಳಿಯದಿರಬಹುದು. ಕಂಪನಿಯ ಹೆಸರು ಬದಲಾದರೂ ಒಳಗಿನ ಔಷಧಿಯ ಹೆಸರು ಬದಲಾಗದು. ಆದುದರಿಂದ ಓದಬೇಕಾದುದು ಆ ಹೆಸರನ್ನೇ.

• ಹಿರಿಯರ ನಿತ್ಯದ ಔಷಧಿಗಳ ಮೂಲ ಹೆಸರು, ಪ್ರಮಾಣ, ವೇಳೆಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಒಂದು ಹಾಳೆಯಲ್ಲಿ ಬರೆದಿಡಿ. ನೆಗಡಿಯ ಔಷಧಿ ಕೊಳ್ಳುವಾಗ ಅದನ್ನು ಫಾರ್ಮಸಿಸ್ಟರಿಗೆ ತೋರಿಸಿ.
• ಒಂದೇ ಔಷಧಿ ಎರಡು ಮಾತ್ರೆಗಳಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.
• ಯಾವ ತೊಂದರೆ ಇದೆಯೋ ಅದಕ್ಕಷ್ಟೇ ಔಷಧಿ ಸಾಕು. ಕಟ್ಟಿದ ಮೂಗಿಗೆ ಲವಣಜಲದ ಹನಿ, ಗಂಟಲಿಗೆ ಉಪ್ಪುನೀರಿನ ಮುಕ್ಕಳಿಕೆ ಬಹುತೇಕರಿಗೆ ಸುರಕ್ಷಿತ.
• ನೆಗಡಿಯೆಂದು ನಿತ್ಯದ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.
• ಉಸಿರಾಟದ ಕಷ್ಟ, ಎದೆನೋವು, ಗೊಂದಲ, ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರು ದಿನ ಮೀರಿದ ಜ್ವರವನ್ನು ವೈದ್ಯರಿಗೆ ತೋರಿಸಬೇಕು.

ಔಷಧಿಯಿಂದ ಅಡ್ಡಪರಿಣಾಮವಾದಲ್ಲಿ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದು. ನೆಗಡಿ ಬಹುಪಾಲು ತಾನಾಗಿಯೇ ವಾರ, ಹತ್ತು ದಿನಗಳಲ್ಲಿ ಇಳಿಯುವ ಕಾಯಿಲೆ. ಅದನ್ನು ಎರಡು ದಿನ ಮೊದಲೇ ಓಡಿಸುವ ಆತುರದಲ್ಲಿ ಹಿರಿಯರ ಹೃದಯವನ್ನೋ ಯಕೃತ್ತನ್ನೋ ಪಣಕ್ಕೊಡ್ಡುವುದು ಬೇಡ.