‘ನಾಟ್ ಸೆಕ್ಯೂರ್’ ಅಂತ ಬಂದ್ರೆ ಗಿರಾಕಿ ವಾಪಸ್: ಅಂಗಡಿ ವೆಬ್‌ಸೈಟ್‌ಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಯಾಕೆ, ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಮೈಸೂರು: ಕೃಷ್ಣಮೂರ್ತಿಪುರಂನ ಬೇಕರಿಯೇ ಇರಲಿ, ನಂಜುಮಳಿಗೆ ಕಡೆಯ ಬಟ್ಟೆ ಅಂಗಡಿಯೇ ಇರಲಿ, ಈಗ ಎಷ್ಟೋ ಗಿರಾಕಿಗಳು ಅಂಗಡಿಗೆ ಬರೋ ಮುಂಚೆ ಮೊಬೈಲ್‌ನಲ್ಲಿ ನೋಡುತ್ತಾರೆ. ವೆಬ್‌ಸೈಟ್ ತೆರೆದ ಕೂಡಲೇ ಮೇಲ್ಗಡೆ ‘ನಾಟ್ ಸೆಕ್ಯೂರ್’ ಅಂತ ಬಂದರೆ, ಇಲ್ಲವೇ ಪರದೆ ತುಂಬಾ ಎಚ್ಚರಿಕೆ ಕಾಣಿಸಿದರೆ ಆರ್ಡರ್ ಕೊಡೋದಿರಲಿ, ಫೋನ್ ನಂಬರ್ ಹಾಕೋಕೂ ಜನ ಹೆದರುತ್ತಾರೆ. ದಸರಾ, ದೀಪಾವಳಿ ಸೀಸನ್‌ನಲ್ಲಿ ಹೀಗಾದರೆ ವ್ಯಾಪಾರಕ್ಕೇ ಪೆಟ್ಟು.

ಇದಕ್ಕೆ ಕಾರಣ ಬಹುತೇಕ ಒಂದೇ. ವೆಬ್‌ಸೈಟ್‌ಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಹಾಕಿಲ್ಲ, ಇಲ್ಲವೇ ಹಾಕಿದ್ದರ ಅವಧಿ ಮುಗಿದಿದೆ. ಸರಿಮಾಡಿಸೋದು ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ.

ಏನಿದು ಸರ್ಟಿಫಿಕೇಟ್?

ಬರೀ ಎಚ್‌ಟಿಟಿಪಿ ವಿಳಾಸದ ವೆಬ್‌ಸೈಟ್ ಅಂದರೆ ಅಂಚೆ ಕಾರ್ಡ್ ಇದ್ದ ಹಾಗೆ. ದಾರಿಯಲ್ಲಿ ಕೈಗೆ ಸಿಕ್ಕವರು ಓದಬಹುದು, ತಿದ್ದಲೂಬಹುದು. ಕೊನೆಗೆ ‘ಎಸ್’ ಸೇರಿ ಎಚ್‌ಟಿಟಿಪಿಎಸ್ ಆದರೆ ಅದೇ ಮಾಹಿತಿ ಗೂಢಲಿಪಿಯಾಗಿ ಹೋಗುತ್ತೆ. ದಾರಿಯಲ್ಲಿ ಕದ್ದು ನೋಡಿದವರಿಗೆ ಅರ್ಥವಾಗಲ್ಲ.

ನಮ್ಮದು ಯುಪಿಐ ಪೇಮೆಂಟ್, ದುಡ್ಡು ಬೇರೆ ಆ್ಯಪ್‌ನಲ್ಲೇ ಹೋಗುತ್ತೆ, ನಮಗ್ಯಾಕೆ ಇದು ಅನ್ನೋರಿದ್ದಾರೆ. ಆದರೆ ಗಿರಾಕಿಯ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಹೋಗೋದು ಅಂಗಡಿಯ ವೆಬ್‌ಸೈಟ್ ಮೂಲಕವೇ. ಮಾಲೀಕರು ಲಾಗಿನ್ ಆಗುವ ಪಾಸ್‌ವರ್ಡ್ ಕೂಡ ಅಲ್ಲೇ ಹಾದುಹೋಗುತ್ತೆ.

ಸರ್ಟಿಫಿಕೇಟ್ ಅಂದರೆ ಒಂದು ಸಣ್ಣ ಫೈಲ್. ಅದರಲ್ಲಿ ವೆಬ್‌ಸೈಟ್ ಹೆಸರು, ಪಬ್ಲಿಕ್ ಕೀ, ಅವಧಿಯ ದಿನಾಂಕ ಹಾಗೂ ಅದನ್ನು ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತೆ. ಇದಕ್ಕೆ ಜೋಡಿಯಾದ ಪ್ರೈವೇಟ್ ಕೀ ಸರ್ವರ್‌ನಲ್ಲೇ ಗುಟ್ಟಾಗಿರಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ, ಇ-ಮೇಲ್‌ನಲ್ಲಿ ಯಾರಿಗೂ ಕಳಿಸಬಾರದು.

ನೆಟ್‌ಸ್ಕೇಪ್ ಕಂಪನಿ 1990ರ ದಶಕದ ನಡುವೆ ತಂದ ತಂತ್ರಜ್ಞಾನ ಎಸ್‌ಎಸ್‌ಎಲ್. 1999ರಲ್ಲಿ ಅದರ ಜಾಗಕ್ಕೆ ಟಿಎಲ್‌ಎಸ್ ಬಂತು. 2018ರಲ್ಲಿ ಬಂದ ಟಿಎಲ್‌ಎಸ್ 1.3 ಈಗ ಬಳಕೆಯಲ್ಲಿದೆ. ಮಾರ್ಕೆಟ್‌ನಲ್ಲಿ ಮಾತ್ರ ಹಳೇ ಹೆಸರೇ ಉಳಿದಿದೆ. ಗೂಗಲ್ ಕ್ರೋಮ್ 2018ರ ಜುಲೈನಿಂದ ಎಲ್ಲಾ ಎಚ್‌ಟಿಟಿಪಿ ವೆಬ್‌ಸೈಟ್‌ಗಳಿಗೂ ‘ನಾಟ್ ಸೆಕ್ಯೂರ್’ ಅಂತ ತೋರಿಸಲು ಶುರುಮಾಡಿತು.

ತಕ್ಕಡಿಯ ಮುದ್ರೆ ಇದ್ದ ಹಾಗೆ

ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆ ಮುದ್ರೆ ಹಾಕುತ್ತೆ. ತೂಕ ಸರಿಯಿದೆ ಅಂತ ಅದರ ಅರ್ಥವೇ ಹೊರತು ಅಕ್ಕಿಯಲ್ಲಿ ಕಲ್ಲಿಲ್ಲ ಅಂತಲ್ಲ. ಅವಧಿ ಮುಗಿದ ಮೇಲೆ ಮತ್ತೆ ಹಾಕಿಸಬೇಕು. ಎಸ್‌ಎಸ್‌ಎಲ್ ಕೂಡ ಹೀಗೇ. ನೀವು ತೆರೆದಿರೋದು ಅದೇ ಹೆಸರಿನ ವೆಬ್‌ಸೈಟ್, ದಾರಿಯಲ್ಲಿ ಯಾರೂ ಓದಲಾಗಲ್ಲ ಅಂತ ಮಾತ್ರ ಅದು ಹೇಳುತ್ತೆ. ವೆಬ್‌ಸೈಟ್ ನಡೆಸುವವರು ಪ್ರಾಮಾಣಿಕರು ಅಂತ ಹೇಳಲ್ಲ. ಮೋಸದ ವೆಬ್‌ಸೈಟ್‌ನವರಿಗೂ ಸರ್ಟಿಫಿಕೇಟ್ ಸಿಗುತ್ತೆ.

ದುಡ್ಡು ಎಷ್ಟು?

ಸಣ್ಣ ಅಂಗಡಿಗೆ ಸೊನ್ನೆ ರೂಪಾಯಿಯಲ್ಲೇ ಆಗುತ್ತೆ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ಸಂಸ್ಥೆ 2015ರ ಡಿಸೆಂಬರ್‌ನಿಂದ ಸಾರ್ವಜನಿಕರಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ದುಡ್ಡು ಕೊಟ್ಟು ತಗೊಳ್ಳುವ ಸರ್ಟಿಫಿಕೇಟ್‌ಗಳಲ್ಲಿ ಕಂಪನಿಯ ದಾಖಲೆಗಳನ್ನೂ ಪರಿಶೀಲಿಸುವ ಬಗೆಗಳಿವೆ. ಆದರೆ ಗೂಢಲಿಪಿಯ ಬಲದಲ್ಲಿ ಉಚಿತಕ್ಕೂ ದುಬಾರಿಗೂ ವ್ಯತ್ಯಾಸವಿಲ್ಲ.

ವೆಬ್‌ಸೈಟ್ ನೋಡಿಕೊಳ್ಳುವವರು ತಮ್ಮ ಕೆಲಸಕ್ಕೆ ಕೂಲಿ ಕೇಳೋದು ನ್ಯಾಯವೇ. ಆದರೆ ಬಿಲ್‌ನಲ್ಲಿ ‘ಎಸ್‌ಎಸ್‌ಎಲ್ ಚಾರ್ಜ್’ ಅಂತ ಇದ್ದರೆ, ಯಾವ ಸಂಸ್ಥೆಯ ಸರ್ಟಿಫಿಕೇಟ್, ಉಚಿತದ್ದೋ ಕೊಂಡದ್ದೋ ಅಂತ ಕೇಳಿ ತಿಳ್ಕೊಳ್ಳಿ.

ಹಾಕಿಸೋದು ಹೇಗೆ?

1. ಮೊದಲು ಹೋಸ್ಟಿಂಗ್ ಕಂಪನಿಯ ಪ್ಯಾನೆಲ್ ನೋಡಿ. ಸಿ-ಪ್ಯಾನೆಲ್ ಇದ್ದರೆ ‘ಆಟೋ ಎಸ್‌ಎಸ್‌ಎಲ್’ ಸೌಲಭ್ಯ ಇರಬಹುದು, ಆನ್ ಮಾಡಿದರೆ ಸಾಕು. ಸ್ವಂತ ಸರ್ವರ್ ಇದ್ದರೆ ‘ಸರ್ಟ್‌ಬಾಟ್’ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತೆ.

2. ಡೊಮೈನ್ ನಿಮ್ಮ ಹಿಡಿತದಲ್ಲಿದೆಯೇ ಅಂತ ಸಂಸ್ಥೆ ಪರೀಕ್ಷೆ ಮಾಡುತ್ತೆ. ವೆಬ್‌ಸೈಟ್‌ನಲ್ಲಿ ಒಂದು ಫೈಲ್ ಇಡಬೇಕು ಅಥವಾ ಡಿಎನ್‌ಎಸ್‌ನಲ್ಲಿ ಒಂದು ಸಾಲು ಸೇರಿಸಬೇಕು. ಬಹುತೇಕ ಇದು ತಾನಾಗಿಯೇ ನಡೆಯುತ್ತೆ.

3. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಮತ್ತು ಇಲ್ಲದ ಎರಡೂ ಹೆಸರಿಗೆ ಸರ್ಟಿಫಿಕೇಟ್ ಇರಲಿ. ಒಂದಕ್ಕೆ ಮಾತ್ರ ಇದ್ದರೆ ಇನ್ನೊಂದರಲ್ಲಿ ಎಚ್ಚರಿಕೆ ಬರುತ್ತೆ.

4. ಹಳೇ ಎಚ್‌ಟಿಟಿಪಿ ವಿಳಾಸಕ್ಕೆ ಬಂದವರು ತಾವಾಗಿಯೇ ಎಚ್‌ಟಿಟಿಪಿಎಸ್‌ಗೆ ಹೋಗುವಂತೆ ರೀಡೈರೆಕ್ಟ್ ಹಾಕಿಸಿ.

5. ಪುಟದೊಳಗಿನ ಫೋಟೊ, ಸ್ಕ್ರಿಪ್ಟ್‌ಗಳ ವಿಳಾಸ ಹಳೇ ಎಚ್‌ಟಿಟಿಪಿಯಲ್ಲೇ ಉಳಿದಿದ್ದರೆ ಅವನ್ನೂ ಬದಲಾಯಿಸಿ. ಇಲ್ಲದಿದ್ದರೆ ಪುಟದ ಕೆಲವು ಭಾಗ ಕೆಲಸ ಮಾಡದೇ ಇರಬಹುದು.

ಅವಧಿ ಮರೆತರೆ ತೊಂದರೆ

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್‌ನ ಅವಧಿ ಸಾಮಾನ್ಯವಾಗಿ 90 ದಿನ. ಅವಧಿ ಮುಗಿಯುತ್ತಿದೆ ಅಂತ ಇ-ಮೇಲ್ ಕಳಿಸುವುದನ್ನು ಈ ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಹಾಗಾಗಿ ಆಟೋ ರಿನ್ಯೂವಲ್ ಇರಲೇಬೇಕು.

ದುಡ್ಡು ಕೊಟ್ಟ ಸರ್ಟಿಫಿಕೇಟ್‌ಗೂ ಅವಧಿ ಕಡಿಮೆಯಾಗುತ್ತಿದೆ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಸಂಸ್ಥೆಗಳು 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದಂತೆ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಅದಕ್ಕೂ ಮುಂಚೆ 398 ದಿನ ಇತ್ತು. ಮೂರು ವರ್ಷದ ಎಸ್‌ಎಸ್‌ಎಲ್ ಅಂತ ಯಾರಾದರೂ ಮಾರಿದರೆ, ನಡುವೆ ಹಲವು ಸಲ ಹೊಸದಾಗಿ ಹಾಕಬೇಕಾಗುತ್ತೆ ಅನ್ನೋದು ಗೊತ್ತಿರಲಿ.

ಸರ್ಟಿಫಿಕೇಟ್ ಸರಿಯಿದ್ದರೂ ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಎಚ್ಚರಿಕೆ ಬಂದರೆ, ಆ ಫೋನ್‌ನ ದಿನಾಂಕ, ಸಮಯ ಸರಿಯಿದೆಯಾ ಅಂತ ಮೊದಲು ನೋಡಿ.

ನಮ್ಮ ದೇಶದಲ್ಲೇ ನಡೆದ ಪ್ರಕರಣ

ಸರ್ಟಿಫಿಕೇಟ್ ಕೊಡುವವರೇ ಎಡವಿದರೆ ಏನಾಗುತ್ತೆ ಅನ್ನೋದಕ್ಕೆ ಭಾರತದ್ದೇ ಉದಾಹರಣೆ ಇದೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿಯ ಕಡೆಯಿಂದ ಗೂಗಲ್‌ನ ಡೊಮೈನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್ ಹೋಗಿದ್ದನ್ನು ಗೂಗಲ್ 2014ರ ಜುಲೈ 2ರಂದು ಪತ್ತೆಮಾಡಿತು. ದೇಶದ ಮೇಲ್ವಿಚಾರಣಾ ಸಂಸ್ಥೆಯಾದ ಸಿಸಿಎ ಮರುದಿನವೇ ಎನ್‌ಐಸಿಯ ಅಧಿಕಾರ ಪತ್ರಗಳನ್ನು ರದ್ದುಮಾಡಿತು. ಆಮೇಲೆ ಕ್ರೋಮ್ ಬ್ರೌಸರ್ ಸಿಸಿಎ ಮೇಲಿನ ನಂಬಿಕೆಯನ್ನು ಭಾರತದ ಕೆಲವೇ ಡೊಮೈನ್‌ಗಳಿಗೆ ಸೀಮಿತಗೊಳಿಸಿತು.

ಇಂಥದ್ದನ್ನು ಬೇಗ ಹಿಡಿಯಲು ಈಗ ಸರ್ಟಿಫಿಕೇಟ್‌ಗಳನ್ನು ಸಾರ್ವಜನಿಕ ದಾಖಲೆಗೆ ಸೇರಿಸುತ್ತಾರೆ. ಸಿಆರ್‌ಟಿ ಡಾಟ್ ಎಸ್‌ಎಚ್ ಎಂಬ ವೆಬ್‌ಸೈಟ್‌ನಲ್ಲಿ ನಿಮ್ಮ ಡೊಮೈನ್ ಹೆಸರು ಹಾಕಿದರೆ ಯಾರು, ಯಾವಾಗ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅಂತ ಉಚಿತವಾಗಿ ನೋಡಬಹುದು.

ಅಂಗಡಿಯವರು ಕೇಳಿಟ್ಟುಕೊಳ್ಳಬೇಕಾದ್ದು

* ಡೊಮೈನ್ ಯಾರ ಹೆಸರಲ್ಲಿದೆ? ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅವರು ಊರು ಬಿಟ್ಟರೆ, ಫೋನ್ ಎತ್ತದಿದ್ದರೆ ಅಂಗಡಿಯ ಹೆಸರೇ ಕೈತಪ್ಪಬಹುದು.
* ಡೊಮೈನ್ ಮತ್ತು ಹೋಸ್ಟಿಂಗ್‌ನ ಲಾಗಿನ್, ಪಾಸ್‌ವರ್ಡ್ ನಿಮ್ಮ ಹತ್ತಿರ ಇದೆಯಾ?
* ಆಟೋ ರಿನ್ಯೂವಲ್ ಆನ್ ಆಗಿದೆಯಾ? ಹಬ್ಬದ ಸೀಸನ್‌ಗೆ ಮುಂಚೆ ಒಂದ್ಸಲ ಅವಧಿ ನೋಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ವಿಳಾಸದ ಪಕ್ಕದ ಗುರುತು ಒತ್ತಿದರೆ ಸರ್ಟಿಫಿಕೇಟ್‌ನ ದಿನಾಂಕ ಸಿಗುತ್ತೆ.

ಗಿರಾಕಿಗಳೂ ಗಮನಿಸಿ

ಎಚ್‌ಟಿಟಿಪಿಎಸ್ ಇದೆ ಅಂತ ಮಾತ್ರಕ್ಕೆ ದುಡ್ಡು ಹಾಕಬೇಡಿ. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ದೇಶದ ಬ್ಯಾಂಕ್‌ಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕಿತ್ತು. ಬ್ಯಾಂಕ್ ಹೆಸರಲ್ಲಿ ಬೇರೆ ವಿಳಾಸದ ಲಿಂಕ್ ಬಂದರೆ ಅನುಮಾನ ಇರಲಿ.

ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಿ. ಎಷ್ಟು ಬೇಗ ತಿಳಿಸಿದರೆ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.