ಕೌದಿಯ ಒಡಹುಟ್ಟುಗಳು

ಕವುದಿ, ಕವದಿ, ಕೌದಿ: ಮೂರೂ ಒಂದೇ ಹೊದಿಕೆಯ ಹೆಸರುಗಳು. ಸವುದೆ ಸೌದೆಯಾದಂತೆ ಕವುದಿಯೂ ನಡುವಣ ವಕಾರವನ್ನು ಸ್ವರದೊಳಗೆ ಕರಗಿಸಿಕೊಂಡು ಕೌದಿಯಾಯಿತು. ಇಷ್ಟನ್ನು ನಮ್ಮಂಥ ಪದಲೋಲರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಯರು ತಾವು ಹೊಲಿಯುವ ಇದೇ ಹೊದಿಕೆಯನ್ನು ಕವಂದಿ ಎನ್ನುತ್ತಾರೆ ಎಂದಾಗ ಕಿವಿ ನಿಮಿರಲೇಬೇಕು. ಆ ಅನುನಾಸಿಕ ಎಲ್ಲಿಂದ ಬಂತು? ಶಾಸನಗಳ ಗಾವುಂಡ ಗವುಡನಾಗಿ ಗೌಡನಾಗುವಷ್ಟರಲ್ಲಿ ದಾರಿಯಲ್ಲೇ ತನ್ನ ಬಿಂದುವನ್ನು ಕಳೆದುಕೊಂಡದ್ದನ್ನು ಬಲ್ಲವರಿಗೆ, ಬಯಲುಸೀಮೆ ಉದುರಿಸಿದ ಬಿಂದುವನ್ನು ಕಾಡು ಉಳಿಸಿಕೊಂಡಿತೋ ಏನೋ ಎಂಬ ಆಸೆ ಹುಟ್ಟುವುದು ಸಹಜ. ಸಿದ್ದಿಯರ ಮಾತಿಗೆ ಕೊಂಕಣಿ, ಮರಾಠಿಗಳ ನಂಟು ಗಾಢವಾದ್ದರಿಂದ ಅಲ್ಲಿನ ಮೂಗುಲಿಯೇ ಹೊರಗಿನಿಂದ ಬಂದು ಸೇರಿರಲೂಬಹುದು. ನನ್ನ ಒಲವು ಮೊದಲನೆಯ ಊಹೆಯ ಕಡೆಗೆ, ಒಲವು ಪ್ರಮಾಣವಲ್ಲ.

ಧಾತುವನ್ನು ಹುಡುಕ ಹೊರಟರೆ 'ಕವಿ' ಕೈಬೀಸಿ ಕರೆಯುತ್ತದೆ. ಮೋಡ ಕವಿಯುತ್ತದೆ, ಕತ್ತಲೆ ಕವಿಯುತ್ತದೆ, ಹಳಗನ್ನಡದ ಕಾಳಗಗಳಲ್ಲಿ ಸೇನೆ ಸೇನೆಯ ಮೇಲೆ ಕವಿಯುತ್ತದೆ. ಮೈಮೇಲೆ ಕವಿಯುವುದು ಕವುದಿ ಎನ್ನುವುದಕ್ಕೆ ಅರ್ಥದ ದೃಷ್ಟಿಯಿಂದ ಏನೂ ಅಡ್ಡಿಯಿಲ್ಲ. ಎಡವುವುದು ಕೊನೆಯ 'ದಿ'ಯಲ್ಲಿ. ಹೊದೆ ಎಂಬುದರಿಂದ ಹೊದಿಕೆ, ಹಾಸು ಎಂಬುದರಿಂದ ಹಾಸಿಗೆ ಹೀಗೆ ಕೆ-ಗೆಗಳ ಸಾಲೇ ಇರುವಾಗ ಇದೊಂದು ಮಾತ್ರ ಯಾಕೆ ಬೇರೆ ಬಾಲ ಕಟ್ಟಿಕೊಂಡಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಒಡಹುಟ್ಟುಗಳಲ್ಲಿ ಹಿರಿಯದು ಕಂತೆ. ಸಂಸ್ಕೃತದ ಕಂಥಾ, ಅಂದರೆ ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆ, ಸನ್ಯಾಸಿಯ ಹೆಗಲ ಮೇಲೆ ಊರೂರು ಸುತ್ತಿದ್ದು. ಭರ್ತೃಹರಿಯ ವೈರಾಗ್ಯಶತಕಕ್ಕೂ ನಮ್ಮ ಜಂಗಮರ ವೇಷವರ್ಣನೆಗೂ ಸಮಾನವಾಗಿ ಬೇಕಾದದ್ದು. (ಪಾಣಿನಿಯಲ್ಲಿಯೂ ಕಂಥಾ ಇದೆಯಲ್ಲ ಎಂದು ಯಾರಾದರೂ ಕೇಳಿಯಾರು, ಇದೆ, ಆದರೆ ಅದು ಊರ ಹೆಸರುಗಳ ಕೊನೆಗೆ ಬರುವ ಕಂಥಾ, ಸಮರ್ಕಂದ, ತಾಷ್ಕೆಂತಗಳ ಕಡೆಯ ನೆಂಟ. ಅದಕ್ಕೂ ಸೂಜಿದಾರಕ್ಕೂ ಸಂಬಂಧವಿಲ್ಲ.) ಬಂಗಾಳದಲ್ಲಿ ಈ ಪದ ಮಾನ ಉಳಿಸಿಕೊಂಡಿತು: ಹಳೆಯ ಸೀರೆಗಳ ಪದರದ ಮೇಲೆ ಚಿತ್ರ ಬಿಡಿಸಿದ ನಕ್ಷೀ ಕಾಂಥಾ ಇಂದು ಸಂಗ್ರಹಾಲಯಗಳ ಗಾಜಿನ ಹಿಂದಿದೆ. ತಮಿಳಿನಲ್ಲಿ ಕಂದೈ ಬರಿಯ ಚಿಂದಿಯಾಗಿ ನಿಂತಿತು. ನಮ್ಮಲ್ಲಂತೂ ಅದರ ದಾರಿಯೇ ಬೇರೆ. ಹುಲ್ಲಿನ ಕಂತೆ, ನೋಟಿನ ಕಂತೆ, ಕಾಗದದ ಕಂತೆಗಳ 'ಕಂತೆ' ಬೇರೆಯೇ ಒಂದು ದೇಶ್ಯಪದವಿದ್ದು ಅದರೊಳಗೆ ಈ ಕಂಥೆ ಬೆರೆತು ಮರೆಯಾಯಿತೋ, ಚಿಂದಿಗಳ ಕೂಡಿಕೆಯೇ ಬಗೆಬಗೆಯ ಕೂಡಿಕೆಗಳಿಗೆ ಹೆಸರಾಯಿತೋ, ಏನೇ ಆದರೂ ಹೊದೆಯುವ ಕಂತೆ ಇಂದಿನ ಆಡುಮಾತಿನಲ್ಲಿಲ್ಲ. ಅಂತೆ-ಕಂತೆಯಲ್ಲೂ ನೋಡಿ: ಕನ್ನಡದ ಪ್ರತಿಧ್ವನಿಗೆ ಮನೆ-ಗಿನೆ, ಹಾಲು-ಗೀಲು ಎಂಬ ಗಕಾರವೇ ನಿಯಮ, ಆ ಲೆಕ್ಕಕ್ಕೆ ಅಂತೆ-ಗಿಂತೆ ಆಗಬೇಕಿತ್ತು. ಕಂತೆಯೇ ಬಂದದ್ದು ಪ್ರಾಸಕ್ಕಾಗಿ ಮಾತ್ರವಲ್ಲ, ಅಲ್ಲಿ ಇಲ್ಲಿ ಹೆಕ್ಕಿ ಕೂಡಿಸಿದ ಮಾತು ಎಂಬ ಹಳೆಯ ಅರ್ಥ ಇನ್ನೂ ಮಿಸುಕುತ್ತಿರುವುದರಿಂದ ಎಂದು ನಂಬಲು ನನಗೆ ಇಷ್ಟ.

ಬೊಂತೆಯ ಪಾಡು ಇನ್ನೂ ವಿಚಿತ್ರ. ತೆಲುಗಿನ ಬೊಂತ ಇವತ್ತಿಗೂ ತೇಪೆಯ ಹೊದಿಕೆಯೇ. ನಮ್ಮಲ್ಲಿ ಅದು 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯಲ್ಲಿ ಸಿಕ್ಕಿಬಿದ್ದಿದೆ. ಒಂದೇ ವಸ್ತುವಿನ ಎರಡು ಹೆಸರುಗಳನ್ನು ಎದುರುಬದುರು ನಿಲ್ಲಿಸಿ, ಇಬ್ಬರನ್ನೂ ಒಟ್ಟಿಗೇ ಹೀಗಳೆಯುವ ಜಾಣ್ಮೆ ಅದು. ಬಳಸುವವರಲ್ಲಿ ಬಹುಮಂದಿಗೆ ಎರಡರ ಅರ್ಥವೂ ಗೊತ್ತಿರುವುದಿಲ್ಲ, ಗೊತ್ತಿಲ್ಲದೆಯೂ ಬೈಗುಳ ಸರಿಯಾಗಿಯೇ ನಾಟುತ್ತದೆ. ಇದೇ ಪದ 12ನೆಯ ಶತಮಾನದ ಶರಣೆಯೊಬ್ಬಳ ಹೆಸರಾಗಿ ಎಷ್ಟು ಎತ್ತರದಲ್ಲಿತ್ತು! ಕಾಶ್ಮೀರದಿಂದ ಕಲ್ಯಾಣಕ್ಕೆ ಹೊರಟ ನಿಜದೇವಿ ಉಟ್ಟುದನ್ನೂ ತೊರೆದು ನಡೆದಾಗ ಶಿವನೇ ಒಂದು ಬೊಂತೆಯನ್ನು ಕೊಟ್ಟನೆಂದೂ ಅಂದಿನಿಂದ ಅವಳು ಬೊಂತಾದೇವಿಯಾದಳೆಂದೂ ಐತಿಹ್ಯ. 'ಬಿಡಾಡಿ' ಅವಳ ವಚನಗಳ ಅಂಕಿತ. ಬಿಡಾಡಿ ಎಂಬ ಮಾತಿಗೂ ಈಗ ಬೀದಿ ದನದ ವಾಸನೆ ಹತ್ತಿದೆ. ಹೆಸರು, ಅಂಕಿತ ಎರಡೂ ಹೀಗೆ ಇಳಿದುಹೋದ ವಚನಕಾರ್ತಿ ಇನ್ನೊಬ್ಬಳಿರಲಾರಳು.

ತೇಪೆಗೂ ಅದೇ ಗತಿ. ಬಡಗಣ ನಾಡಿನ ಬಾಯಲ್ಲಿ ತ್ಯಾಪಿ. ದೀಪಕ್ಕೆ ಬಳಸುವ ಹಚ್ಚು ಎಂಬ ಕ್ರಿಯಾಪದವೇ ಇದಕ್ಕೂ. ರಸ್ತೆಗೂ ರಾಜಕಾರಣಕ್ಕೂ ತೇಪೆ ಹಚ್ಚಿ ಹಚ್ಚಿ ಪತ್ರಿಕೆಗಳು ಅದನ್ನು ತಾತ್ಕಾಲಿಕ ಉಪಾಯದ ಪರ್ಯಾಯವಾಗಿಸಿಬಿಟ್ಟಿವೆ. ಕೌದಿಯ ತೇಪೆ ಹಾಗಲ್ಲ, ಕೆಳಗಿನ ಬಟ್ಟೆ ಸವೆದರೂ ತಾನು ಉಳಿಯುವಂಥದು. ನೆಲದ ಮೇಲೆ ಹಳೆಯ ಸೀರೆಯನ್ನು ಸುಕ್ಕಿಲ್ಲದೆ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನತ್ತ ದಾರದ ಸಾಲುಗಳನ್ನು ತರುತ್ತಾರೆ. ಸಾಲು ಒತ್ತಾಗಿದ್ದಷ್ಟೂ ಒಗೆತದಲ್ಲಿ ಪದರಗಳು ಜಾರಿ ಗಂಟುಕಟ್ಟುವುದಿಲ್ಲ. ಸಿದ್ದಿ ಹೆಂಗಸರು ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಸೇರಿಸುತ್ತಾರೆ, ಅದಕ್ಕೆ ಫೂಲ, ಹೂವು ಎಂದು ಹೆಸರು. ಹೂವಿಲ್ಲದ ಕವಂದಿ ಅವರ ಪಾಲಿಗೆ ಮುಗಿದ ಕವಂದಿಯಲ್ಲ.

ಇನ್ನು ಹೊಲಿಗೆ. ಹಳಗನ್ನಡದ ಪೊಲಿ, ಪಕಾರ ಹಕಾರವಾದ ಕಾಲದಲ್ಲಿ ಹೊಲಿಯಾಗಿ, ಉಡುಗೆ ತೊಡುಗೆ ಬೆಸುಗೆಗಳ ಸಾಲಿನಲ್ಲಿ ಹೊಲಿಗೆಯಾಯಿತು. ತಮಿಳಿನ ಹಳೆಯ ಮಾತು ಪೊಲ್ಲಂ ಇದರ ಸೋದರ, ಆದರೆ ಈಗಿನ ತಮಿಳರು 'ತೈ' ಎನ್ನುತ್ತಾರೆ, ತೆಲುಗರು 'ಕುಟ್ಟು' ಎನ್ನುತ್ತಾರೆ. ತೆಲುಗಿನಲ್ಲಿ ಚೇಳು ಕುಟುಕುವುದೂ ದರ್ಜಿ ಹೊಲಿಯುವುದೂ ಒಂದೇ ಕ್ರಿಯಾಪದ ಎಂಬುದು ಹೊಲಿಗೆ ಕಲಿಯಲು ಕುಳಿತ ಯಾವ ಬೆರಳಿಗೂ ಅರ್ಥವಾಗುತ್ತದೆ. ಹೊಲಿಯುವವನ ಹೆಸರಿನ ಕತೆ ಇನ್ನೂ ಸೊಗಸು. ದರ್ಜಿ ಪಾರಸಿಯ ಅತಿಥಿ. ಅವನಿಗಿಂತ ಮೊದಲಿನವನು ಚಿಪ್ಪಿಗ, ಸಿಂಪಿಗ, ಮರಾಠಿಯಲ್ಲಿ ಶಿಂಪಿ. ಪ್ರಾಕೃತದ ಸಿಪ್ಪಿಯ ಮೂಲಕ ಹಿಂದೆ ಸರಿದರೆ ಸಿಗುವುದು ಶಿಲ್ಪಿ! ಬೇಲೂರಿನಲ್ಲಿ ಉಳಿ ಹಿಡಿದವನಿಗೂ ಪೇಟೆಯ ಮೂಲೆಯಲ್ಲಿ ಕತ್ತರಿ ಹಿಡಿದವನಿಗೂ ಭಾಷೆ ಒಮ್ಮೆ ಒಂದೇ ಬಿರುದು ಕೊಟ್ಟಿತ್ತು.

ಮಕ್ಕಳ ಬಟ್ಟೆಯನ್ನು ಮನೆಯಲ್ಲಿ ಹೊಲಿಯಲು ಕಲಿಯುವವರು ಮೊದಲು ಕೈಯಿಕ್ಕುವುದು ಸಾಮಾನ್ಯವಾಗಿ ಕುಲಾವಿಗೆ. ಬಟ್ಟೆ ಕಡಿಮೆ, ಕೆಟ್ಟರೂ ನಷ್ಟವಿಲ್ಲ. ಕುಲಾಯಿ, ಕುಳ್ಳಾಯಿ ಎಂದೂ ಬರುವ ಇದು ಪಾರಸಿಯ ಕುಲಾಹ್, ಟೊಪ್ಪಿಗೆ. ವಿಜಯನಗರದ ಆಸ್ಥಾನದಲ್ಲಿ ಅದು ದರಬಾರಿ ಉಡುಪು: ತೆಲುಗಿನ ಶ್ರೀನಾಥ ಕವಿ ಅಲ್ಲಿಗೆ ಬಂದು ಕುಳ್ಳಾಯಿ ತೊಡಬೇಕಾಗಿ ಬಂದದ್ದನ್ನು ಗೊಣಗುವ ಚಾಟುಪದ್ಯ ಪ್ರಸಿದ್ಧವೇ. ಅರಸರ ಓಲಗದಿಂದ ಜಾರಿದ ಟೊಪ್ಪಿಗೆ ತೊಟ್ಟಿಲಿಗೆ ಬಿದ್ದು, ಜೋಗುಳಗಳಲ್ಲಿ ಕುಂಚಿಗೆಯ ಜೊತೆಗಾರನಾಯಿತು. ಕುಂಚಿಗೆ ತಲೆಯಿಂದ ಬೆನ್ನಿಗೆ ಇಳಿಬೀಳುವ ಮುಸುಕು. ಬಡಗಣದ ಕುಂಚಿಗಿ ಗುಳೇದಗುಡ್ಡದ ಖಣದಲ್ಲೇ ಆಗಬೇಕು ಎನ್ನುವ ಅಜ್ಜಿಯರುಂಟು. ಅಂಗಿಗೆ ಅಂಗವೇ ಮೂಲ. ಎಳೆಗೂಸಿಗೆ ಗುಂಡಿ ಒತ್ತುತ್ತದೆಂದು ಕಸೆ ಕಟ್ಟುವ ಕಸೆಯಂಗಿಯೇ ಹಿತ, ಹೊಲಿಗೆಯ ಅಂಚು ಹೊರಮುಖವಾದರೆ ಇನ್ನೂ ಹಿತ. ಗುಂಡಿಯೇ ಬೇಕೆಂದವರು ಕಾಜಾ ಕಲಿಯಬೇಕು, ಆ ಕಾಜಾ ಪೋರ್ಚುಗೀಸರ 'ಕಾಸಾ', ಮನೆ: ಗುಂಡಿ ಹೋಗಿ ಸೇರುವ ಮನೆ.

ಈ ಕಲಿಕೆಯ ಮುಂದಿನ ಮೆಟ್ಟಿಲು, ಮಗು ಬೆಳೆದು ಬಿಟ್ಟ ಅಂಗಿ, ಲಂಗ, ಕುಲಾವಿಗಳನ್ನೇ ಕತ್ತರಿಸಿ ಹೊದಿಕೆ ಮಾಡಿಡುವುದು. ಅದಕ್ಕೊಂದು ಹೆಸರು ಬೇಕೆಂದು ನಗರದ ಕಲಿಕಾರ್ಥಿಗಳು ಮೆಮೊರಿ ಕ್ವಿಲ್ಟ್ ಎನ್ನುತ್ತಾರೆ. ಅಂಗಡಿಯೊಂದರ ಚೀಟಿಯಲ್ಲಿ ಕೌದಿ ಕ್ವಿಲ್ಟ್ ಎಂಬ ಜೋಡಿಯನ್ನೂ ನೋಡಿದ್ದೇನೆ, ಗೇಟುಬಾಗಿಲಿನ ತಮ್ಮ ಅದು. ಅಭಿಮಾನಿಗಳು 'ನೆನಪಿನ ಕೌದಿ' ಎಂದು ಅನುವಾದಿಸುತ್ತಾರೆ. ಕಿವಿಗೆ ಇಂಪಾಗಿಯೇ ಇದೆ, ಆದರೂ ನಾನು ಒಪ್ಪಲಾರೆ. ಯಾರ ಸೀರೆ, ಯಾರ ಧೋತರ, ಯಾವ ಮದುವೆಯ ಕುಪ್ಪಸ ಎಂಬ ಲೆಕ್ಕವಿಲ್ಲದ ಕೌದಿಯನ್ನು ನಮ್ಮ ಹೆಂಗಸರು ಎಂದಾದರೂ ಹೊಲಿದದ್ದುಂಟೇ? ವಿಶೇಷಣ ಬೇಕೇ ಬೇಕೆಂದರೆ ಹೊದೆಯುವವರನ್ನು ಹಿಡಿದು ಕೂಸಿನ ಕೌದಿ ಎನ್ನೋಣ. ಮಿಕ್ಕದ್ದನ್ನೆಲ್ಲ ಕೌದಿ ಎಂಬ ಎರಡಕ್ಷರವೇ ಹೇಳುತ್ತದೆ.