ಶಾಲೆ ಕೊಟ್ಟ ಕನ್ನಡ: ಕಾಸರಗೋಡಿನ ಹಳೆ ವಿದ್ಯಾರ್ಥಿ ಸಂಘಗಳು ಮತ್ತು ಒಂದು ಭಾಷಾ ಸಮುದಾಯದ ಚರಿತ್ರೆ

ಪ್ರೌಢಶಾಲೆಯೊಂದರ ಹಳೆ ವಿದ್ಯಾರ್ಥಿ ಸಂಘವನ್ನು ಇತಿಹಾಸಕಾರರು ಅಧ್ಯಯನಯೋಗ್ಯ ಸಂಸ್ಥೆಯೆಂದು ಪರಿಗಣಿಸುವುದು ಅಪರೂಪ. ವಾರ್ಷಿಕ ಮಿಲನ, ಗುರುವಂದನೆ, ಕಟ್ಟಡ ನಿಧಿ, ಶತಮಾನೋತ್ಸವದ ಸ್ಮರಣ ಸಂಚಿಕೆ ಇವೆಲ್ಲ ಅಭಿಮಾನದ ವ್ಯವಹಾರಗಳೆಂದೂ ಚರಿತ್ರೆಯ ಆಕರಗಳು ಬೇರೆಡೆ ಇವೆಯೆಂದೂ ನಾವು ನಂಬಿಕೊಂಡಿದ್ದೇವೆ. ಕರ್ನಾಟಕದ ಒಳನಾಡಿನ ಶಾಲೆಗಳ ಮಟ್ಟಿಗೆ ಈ ನಂಬಿಕೆಯಿಂದ ಹೆಚ್ಚಿನ ನಷ್ಟವಿಲ್ಲದಿರಬಹುದು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ವಿಷಯದಲ್ಲಿ ಮಾತ್ರ ಅದು ದೊಡ್ಡ ನಷ್ಟಕ್ಕೆ ಕಾರಣವಾಗುತ್ತದೆ. ಇಲ್ಲಿನ ಅಸಂಖ್ಯ ಕುಟುಂಬಗಳಿಗೆ ಕನ್ನಡ ಬಂದದ್ದು ತಾಯಿಯಿಂದಲ್ಲ, ಶಾಲೆಯಿಂದ. ಆ ಅರ್ಥದಲ್ಲಿ ಕಾಸರಗೋಡಿನ ಕನ್ನಡ ಸಮುದಾಯದ ಒಂದು ದೊಡ್ಡ ಪಾಲು ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳ ಸಮುದಾಯವೇ ಆಗಿದೆ. ಅವರ ಸಂಘಗಳು ಕಾಪಾಡುತ್ತಿರುವ ನೆನಪನ್ನು ಹೀಗೆ ನೋಡಿದಾಗ ಅದರ ಮೌಲ್ಯವೂ ಅದರ ಕೊರತೆಯೂ ಒಟ್ಟಿಗೆ ಗೋಚರಿಸುತ್ತವೆ.

ಈ ಸ್ಥಿತಿ ಒದಗಿದ ಬಗೆಯನ್ನು ಅರಿಯಲು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಲಕ್ಕೆ ಹಿಂದಿರುಗಬೇಕು. ಅಂದಿನ ಜಿಲ್ಲೆಯ ದಕ್ಷಿಣದ ತುದಿಯಾಗಿದ್ದ ಕಾಸರಗೋಡಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮೊದಲಾದ ಮನೆಮಾತುಗಳು ಒಂದೇ ಬೈಲಿನ ಆಚೀಚೆ ಬದುಕಿದ್ದವು. ಜಿಲ್ಲೆಯ ಕಂದಾಯದ ಕಡತ, ನ್ಯಾಯಾಲಯದ ಅರ್ಜಿ, ಪತ್ರವ್ಯವಹಾರಗಳ ದೇಶಭಾಷೆ ಪ್ರಧಾನವಾಗಿ ಕನ್ನಡವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ಮತ್ತು ಮುದ್ರಣಗಳ ಮೂಲಕ ಈ ವ್ಯವಸ್ಥೆಗೆ ಹೊಸ ಬಲ ತಂದಿತು. ತುಳುವನ್ನೂ ಅದು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಿತು. ಅದಕ್ಕೂ ಮೊದಲಿನಿಂದಲೇ ನಡೆದುಬಂದಿದ್ದ ಐಗಳ ಮಠಗಳಲ್ಲಿ ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿದ ತುಳುವ ಬಾಲಕನಿಗೆ ಓದುಬರಹ ಎಂದರೆ ಕನ್ನಡ ಎಂಬುದು ಪ್ರತ್ಯೇಕವಾಗಿ ಹೇಳಬೇಕಾದ ಸಂಗತಿಯಾಗಿರಲಿಲ್ಲ. 1911ರಲ್ಲಿ ನೀರ್ಚಾಲಿನಲ್ಲಿ ಆರಂಭವಾದ ಮಹಾಜನ ಸಂಸ್ಕೃತ ಕಾಲೇಜು ಸಂಸ್ಕೃತ ವಿದ್ಯೆಗಾಗಿ ಹುಟ್ಟಿದರೂ ಮುಂದೆ ಕನ್ನಡದ ಪ್ರೌಢಶಾಲೆಯಾಗಿ ಬೆಳೆಯಿತು. ಅದರ ಹೆಸರಿನಲ್ಲಿರುವ ‘ಮಹಾಜನ’ ಎಂಬ ಮಾತು, ವಿದ್ಯಾಸಂಸ್ಥೆಯನ್ನು ಊರವರ ಹೊಣೆಯೆಂದು ಭಾವಿಸುತ್ತಿದ್ದ ಆ ಕಾಲದ ಮನೋಧರ್ಮಕ್ಕೆ ಸಾಕ್ಷಿ.

ಈ ಶಾಲೆಗಳು ಮಾಡಿದ ಕೆಲಸವನ್ನು ಅಳೆಯಲು ಸಾಹಿತ್ಯ ಚರಿತ್ರೆಯ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಸಾರಾ ಅಬೂಬಕ್ಕರ್ ಅವರ (1936–2023) ಮನೆಮಾತು ಮಲಯಾಳ. ಪೈಗಳು ಓದಿದ್ದು ಮಂಗಳೂರಿನಲ್ಲಿ, ರೈಗಳು ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ, ಸಾರಾ ಕಾಸರಗೋಡಿನ ಕನ್ನಡ ಶಾಲೆಯಲ್ಲಿ. ತಮ್ಮ ಸಮುದಾಯದಲ್ಲಿ ಶಾಲಾ ಶಿಕ್ಷಣ ಪೂರೈಸಿದ ಮೊದಲ ಹೆಣ್ಣುಮಕ್ಕಳ ಸಾಲಿಗೆ ಸೇರಿದ ಸಾರಾ, ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಮಲಯಾಳ ಮಾತನಾಡುವ ಮನೆಗಳ ಒಳಗಿನ ಬದುಕನ್ನು ಕನ್ನಡಕ್ಕೆ ತಂದರು. ರೈಗಳು ಕನ್ನಡದಲ್ಲಿ ಬರೆದಂತೆ ತುಳುವಿನಲ್ಲಿಯೂ ಕವಿತೆ ರಚಿಸಿದರು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿ ದುಡಿದು 1969ರಲ್ಲಿ ಶಿಕ್ಷಕರಿಗಾಗಿ ನೀಡುವ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಕನ್ನಡ ಶಾಲೆಯ ಅಧ್ಯಾಪಕನಾಗಿ ಮರಳಿ ಇನ್ನೊಂದು ತಲೆಮಾರಿಗೆ ಅದೇ ಭಾಷೆಯನ್ನು ದಾಟಿಸುವ ಈ ಸರಪಳಿಯೇ ಕಾಸರಗೋಡಿನ ಕನ್ನಡದ ನಿಜವಾದ ವಂಶಾವಳಿ. ಇಲ್ಲಿ ರಕ್ತಸಂಬಂಧದ ಜಾಗದಲ್ಲಿ ತರಗತಿಯ ಸಂಬಂಧವಿದೆ.

ಇದರ ವೈಶಿಷ್ಟ್ಯ ಬೇರೊಂದು ಗಡಿಯ ಜೊತೆಗಿಟ್ಟಾಗ ಹೆಚ್ಚು ಸ್ಪಷ್ಟವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳಲ್ಲಿ ಕನ್ನಡ ಮೊದಲು ಮನೆಯ, ಹೊಲದ, ಮಠದ ಭಾಷೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಓದಿಯೂ ಕನ್ನಡದ ಕವಯಿತ್ರಿಯಾದರು; 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಆ ಪೀಠವೇರಿದ ಮೊದಲ ಮಹಿಳೆಯೆನಿಸಿದರು. ಶಾಲೆ ಕೊಡದ ಕನ್ನಡವನ್ನು ಅವರಿಗೆ ಮನೆ ಮತ್ತು ಶರಣ ಪರಂಪರೆ ಕೊಟ್ಟಿದ್ದವು. ಕಾಸರಗೋಡಿನ ತುಳು ಅಥವಾ ಕೊಂಕಣಿ ಮನೆಗೆ ಇಂತಹ ಆಸರೆಯಿಲ್ಲ. ಯಕ್ಷಗಾನ ತಾಳಮದ್ದಲೆ ಕನ್ನಡವನ್ನು ಕಿವಿಗೆ ತಲುಪಿಸುತ್ತದೆ, ನಿಜ. ಓದುವ ಕಣ್ಣನ್ನೂ ಬರೆಯುವ ಕೈಯನ್ನೂ ಕೊಡುವುದು ಶಾಲೆಯೇ. ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆ ಮುಚ್ಚಿದರೆ ಕನ್ನಡ ಅಕ್ಷರ ಕಳೆದುಕೊಂಡು ಮಾತಾಗಿ ಉಳಿಯುತ್ತದೆ. ಕಾಸರಗೋಡಿನ ತುಳು ಮನೆಯ ಪಾಲಿಗೆ ಶಾಲೆ ಮುಚ್ಚಿದರೆ ಒಂದೇ ತಲೆಮಾರಿನಲ್ಲಿ ಕನ್ನಡವೇ ಇಲ್ಲವಾಗುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯ ಪುನರ್ವಿಂಗಡಣಾ ಆಯೋಗ ತೂಕವಿತ್ತ ಆಧಾರಗಳಲ್ಲಿ ಜನಗಣತಿಯ ಮಾತೃಭಾಷಾ ಅಂಕಿಗಳು ಮುಖ್ಯವಾಗಿದ್ದವು. ಗಣತಿಯಲ್ಲಿ ತುಳು, ಕೊಂಕಣಿ, ಮರಾಠಿಗಳು ತಮ್ಮ ತಮ್ಮ ಕಲಮುಗಳಲ್ಲಿ ನಿಲ್ಲುತ್ತವೆ. ಅವರೆಲ್ಲರ ವಿದ್ಯಾಭಾಷೆ ಕನ್ನಡವೆಂಬ ಸಂಗತಿಗೆ ಅಲ್ಲಿ ಕಲಮಿಲ್ಲ. ಹತ್ತು ವರ್ಷಗಳ ನಂತರ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿಯ ಪ್ರಶ್ನೆ ಅಲ್ಲಿಗೆ ಹಾಗೆಯೇ ನಿಂತಿತು. ಅದುವರೆಗೆ ಜಿಲ್ಲೆಯ ಸಹಜ ಶಾಲೆಗಳಾಗಿದ್ದವು ‘ಅಲ್ಪಸಂಖ್ಯಾತರ ಶಾಲೆ’ಗಳಾದವು.

ಆ ಪದದೊಂದಿಗೆ ಒಂದು ಹೊಸ ಲೆಕ್ಕಾಚಾರವೂ ಬಂತು. ಸಂವಿಧಾನದ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆ ಈ ವಿಧಿಯ ಹೊರಗಿದೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಮಾನದಂಡದಂತೆ ಪ್ರಾಥಮಿಕದಲ್ಲಿ ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳಿರಬೇಕು. ಪ್ರೌಢ ಹಂತದಲ್ಲಿ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ತರಗತಿಗೆ 15 ಮಕ್ಕಳಿರಬೇಕು. ಈ ಮಾನದಂಡದಲ್ಲಿಯೂ ಅಳತೆಗೋಲು ‘ಮಾತೃಭಾಷೆ’ಯೇ. ಶಾಲೆಯಿಂದ ಪಡೆದ ಭಾಷೆಯನ್ನು ಮೂರು ನಾಲ್ಕು ತಲೆಮಾರುಗಳಿಂದ ತನ್ನದೆಂದು ಬಾಳಿದ ಸಮುದಾಯವನ್ನು ಕಾನೂನಿನ ಈ ಶಬ್ದ ಪೂರ್ತಿಯಾಗಿ ಹಿಡಿಯಲಾರದು. ಹಾಗಾದರೆ ತುಳುವನೊಬ್ಬ ‘ಕನ್ನಡ ನನ್ನ ಭಾಷೆ’ ಎಂದಾಗ ಅದಕ್ಕೆ ದಾಖಲೆ ಎಲ್ಲಿದೆ? ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ಅಜ್ಜ, ತಂದೆ, ಮಗಳು ಒಂದೇ ಶಾಲೆಯ ಕನ್ನಡ ವಿಭಾಗಕ್ಕೆ ಸೇರಿದ ದಿನಾಂಕಗಳು ಅಲ್ಲಿ ಸಾಲಾಗಿ ಕುಳಿತಿವೆ.

ಹಳೆ ವಿದ್ಯಾರ್ಥಿ ಸಂಘಗಳ ಕೆಲಸವನ್ನು ಪರಿಶೀಲಿಸಬೇಕಾದದ್ದು ಈ ಹಿನ್ನೆಲೆಯಲ್ಲಿ. ಅವುಗಳ ಪ್ರಮುಖ ಬರಹರೂಪ ಸ್ಮರಣ ಸಂಚಿಕೆ. ಸ್ಥಾಪಕರ ಭಾವಚಿತ್ರ, ಮುಖ್ಯೋಪಾಧ್ಯಾಯರ ಅನುಕ್ರಮಣಿಕೆ, ಮುಳಿಹುಲ್ಲಿನ ಮಾಡಿನಿಂದ ಹಂಚಿಗೆ ಏರಿದ ಕಟ್ಟಡದ ವೃತ್ತಾಂತ, ಶಿಸ್ತಿನ ಗುರುಗಳ ನೆನಪು, ಮಳೆಗಾಲದಲ್ಲಿ ಸಂಕ ದಾಟಿ ಬಂದ ದಾರಿಯ ನೆನಪು, ಕೊನೆಯಲ್ಲಿ ಊರ ಅಂಗಡಿಗಳ ಶುಭಾಶಯ ಜಾಹೀರಾತು. ಈ ಪ್ರಕಾರಕ್ಕೆ ತನ್ನದೇ ಆದ ಸಂಪ್ರದಾಯವಿದೆ, ಅದರಲ್ಲಿ ಅಮೂಲ್ಯವಾದ ಸಾಮಗ್ರಿಯೂ ಇದೆ. ಎಲ್ಲಿಯೂ ಅಚ್ಚಾಗದ ಅಧ್ಯಾಪಕರ ಹೆಸರುಗಳು, ಕೈಬರಹದ ಪತ್ರಿಕೆಗಳ ಸುದ್ದಿ, ಶಾಲಾ ರಂಗಸ್ಥಳದಲ್ಲಿ ಆಡಿದ ನಾಟಕಗಳ ವಿವರ ಸಿಗುವುದು ಇಲ್ಲಿಯೇ. ಭೂಮಿ ಕೊಟ್ಟವರು ಯಾರು, ಮಾಡು ಹೊದಿಸಿದವರು ಯಾರು ಎಂಬುದನ್ನು ಊರು ಮರೆಯದಂತೆ ಇವು ನೋಡಿಕೊಂಡಿವೆ.

ಆದರೆ ಈ ಸಂಚಿಕೆಗಳ ಅಭಿಮಾನ ಸಾಮಾನ್ಯವಾಗಿ ಸಾಧಕರ ಪಟ್ಟಿಯ ಕಡೆಗೆ ವಾಲುತ್ತದೆ. ವೈದ್ಯರು, ಇಂಜಿನಿಯರುಗಳು, ಮುಂಬಯಿಯಲ್ಲಿ ಕೊಲ್ಲಿ ನಾಡುಗಳಲ್ಲಿ ನೆಲೆಸಿ ಹೆಸರು ಗಳಿಸಿದವರು ಮೊದಲ ಪುಟಗಳಲ್ಲಿ ಬರುತ್ತಾರೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಅಡಿಕೆ ತೋಟಕ್ಕೋ ಬೀಡಿಯ ಮೊರಕ್ಕೋ ಹೋದವರು, ತರಗತಿಯಲ್ಲಿ ಒಬ್ಬಳೇ ಆಗಿದ್ದ ಹುಡುಗಿ, ದಲಿತ ಸಮುದಾಯಗಳಿಂದ ಬಂದ ಮೊದಲ ವಿದ್ಯಾರ್ಥಿ ಇವರ ನೆನಪುಗಳಿಗೆ ಪುಟ ದೊರೆಯುವುದು ವಿರಳ. ಅದಕ್ಕಿಂತ ಹೆಚ್ಚಿನ ಮೌನ ಭಾಷೆಯ ಬಗ್ಗೆ ಇದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡಿ ಬಂದ ಮಗು ಮೊದಲ ದಿನ ಕನ್ನಡದ ಬೆಂಚಿನಲ್ಲಿ ಕುಳಿತಾಗ ಏನಾಯಿತು, ಯಾವ ಅಧ್ಯಾಪಕರು ಮಗುವಿನ ಭಾಷೆಯಿಂದಲೇ ಕನ್ನಡಕ್ಕೆ ಮೆಟ್ಟಿಲು ಕಟ್ಟಿದರು, ಯಾರು ಕಟ್ಟಲಿಲ್ಲ? ಕಾಸರಗೋಡಿನ ಕನ್ನಡ ರೂಪುಗೊಂಡ ಕ್ಷಣ ಅದು. ಅದನ್ನು ಹೇಳಬಲ್ಲವರು ಹಳೆ ವಿದ್ಯಾರ್ಥಿಗಳು ಮಾತ್ರ. ಹೇಳಬಲ್ಲ ಹಿರಿಯ ತಲೆಮಾರು ನಮ್ಮ ಕಣ್ಣೆದುರೇ ಕರಗುತ್ತಿದೆ.

ಶಾಲೆಗಳೂ ಕರಗುತ್ತಿವೆ. ಕೇರಳದ ಶಿಕ್ಷಣ ನಿಯಮಗಳ ಪ್ರಕಾರ ಶಾಲಾರಂಭದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯಲಾಗುತ್ತದೆ; ವಿಭಾಗ ಉಳಿಯುವುದು, ಅಧ್ಯಾಪಕರ ಹುದ್ದೆ ಉಳಿಯುವುದು ಆ ದಿನದ ಎಣಿಕೆಯ ಮೇಲೆ. ಒಂದೇ ಆವರಣದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ವಿಭಾಗಗಳಿರುವಲ್ಲಿ ಶಾಲೆಯ ಹೆಸರೂ ಕಟ್ಟಡವೂ ಹಾಗೆಯೇ ಇದ್ದು ಕನ್ನಡ ವಿಭಾಗ ಮಾತ್ರ ಸದ್ದಿಲ್ಲದೆ ಮುಚ್ಚಿಹೋಗಬಹುದು. ಶತಮಾನೋತ್ಸವದ ಕಮಾನು ಇಂತಹ ಮುಚ್ಚುವಿಕೆಯನ್ನು ತಡೆಯುವುದಿಲ್ಲ. ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಕಾಯಿದೆ ಬಂದಾಗ ಕಾಸರಗೋಡಿನ ಆತಂಕ ಹೋರಾಟದ ರೂಪ ತಾಳಿತು. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ ಪ್ರಕರಣಗಳಲ್ಲಿಯೂ ಪೋಷಕರು, ಹಳೆ ವಿದ್ಯಾರ್ಥಿಗಳು ಬೀದಿಗಿಳಿದರು. ಇದು ಪ್ರಶಂಸನೀಯ. ಅದೇ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದಾರೆಂಬುದೂ ನಿಜ. ಜೀವನೋಪಾಯದ ದೃಷ್ಟಿಯಿಂದ ತೆಗೆದುಕೊಂಡ ಆ ನಿರ್ಧಾರವನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಸರ್ಕಾರದ ಆದೇಶದಿಂದ ಬರುವ ಹಾನಿಯನ್ನು ಎಣಿಸುವ ನಾವು ನಮ್ಮ ಆಯ್ಕೆಯಿಂದ ಬರುವ ಹಾನಿಯನ್ನೂ ಅದೇ ಪುಟದಲ್ಲಿ ಬರೆಯದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ.

ಸಂಘಗಳಿಂದ ನಿರೀಕ್ಷಿಸಬಹುದಾದ ಕೆಲಸ ದೊಡ್ಡ ಬಂಡವಾಳ ಬೇಡುವುದಲ್ಲ. ಗೆದ್ದಲು ಮತ್ತು ಮಳೆನೀರಿಗೆ ಸಿಗುವ ಮುನ್ನ ಹಳೆಯ ದಾಖಲಾತಿ ಪುಸ್ತಕ, ತಪಾಸಣಾ ವರದಿ, ಹಾಜರಿ ಪಟ್ಟಿ, ಕೈಬರಹದ ಪತ್ರಿಕೆಗಳ ಪ್ರತಿಗಳನ್ನು ಶಾಲೆಯ ಅನುಮತಿ ಪಡೆದು ತೆಗೆದಿಡಬೇಕು. ಬದುಕಿರುವವರ ಜಾತಿ, ಜನ್ಮದಿನಾಂಕ ಮುಂತಾದ ವಿವರಗಳು ಹೊರಗೆ ಹೋಗದಂತೆ ಎಚ್ಚರ ವಹಿಸಬೇಕು. ಎಂಬತ್ತು ದಾಟಿದ ವಿದ್ಯಾರ್ಥಿಗಳ, ಅಧ್ಯಾಪಕರ ಮಾತನ್ನು ಅವರ ಮನೆಮಾತಿನಲ್ಲಿಯೇ ಧ್ವನಿಮುದ್ರಿಸಬೇಕು. ಕನ್ನಡ ಕಲಿತ ಕಥೆಯನ್ನು ತುಳುವಿನಲ್ಲಿ ಹೇಳಿದರೆ ಕನ್ನಡಕ್ಕೆ ಕುಂದಿಲ್ಲ. ಪ್ರತಿ ವರ್ಷ ಕನ್ನಡ ವಿಭಾಗದ ತರಗತಿವಾರು ಸಂಖ್ಯೆಯನ್ನು ಸಂಘದ ವರದಿಯಲ್ಲಿ ಸಾಧಕರ ಸನ್ಮಾನಕ್ಕಿಂತ ಮೊದಲು ಅಚ್ಚು ಹಾಕಬೇಕು. ಇಂತಹ ಹತ್ತು ಶಾಲೆಗಳ ಇಪ್ಪತ್ತು ವರ್ಷಗಳ ಅಂಕಿಗಳು ಒಂದೆಡೆ ಸೇರಿದರೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದೆ ಇಡಬಹುದಾದ ಅಹವಾಲಿಗೆ ಭಾವನೆಯ ಜೊತೆಗೆ ಆಧಾರವೂ ಇರುತ್ತದೆ.

ಶಾಲೆಯ ಹೆಮ್ಮೆಯನ್ನು ಉಳಿಸುವುದೆಂದರೆ ಹಿಂದೆ ಅಲ್ಲಿಂದ ಹೊರಬಂದವರನ್ನು ನೆನೆಯುವುದಷ್ಟೇ ಎಂದು ನಾವು ತಿಳಿದಿದ್ದೇವೆ. ತರಗತಿಯೇ ತಾಯಿಯಾದ ಭಾಷೆಯ ವಿಷಯದಲ್ಲಿ ಆ ನೆನಪಿಗೆ ಅರ್ಥ ಬರುವುದು, ಮುಂದಿನ ಜೂನ್ ತಿಂಗಳ ಆರನೆಯ ಕೆಲಸದ ದಿನ ಕನ್ನಡ ವಿಭಾಗದ ಎಣಿಕೆಯಲ್ಲಿ ಇನ್ನೂ ಕೆಲವು ಮಕ್ಕಳಿದ್ದಾಗ ಮಾತ್ರ.